ಹದಿನಾರು ತಾಸಿನ ಬಣ್ಣ

ಮೌನೇಶ್ವರಿಯ ಮುಂಗೈ ಮೇಲೆ ಐದು ಗೆರೆ, ಬೆಕ್ಕು ಪರಚಿ ಹೋದಂತೆ ಒಂದರ ಕೆಳಗೊಂದು, ಮೊದಲನೆಯದು ಮಣ್ಣಿನ ಬಣ್ಣ, ಎರಡನೆಯದು ಆರಿದ ಚಹಾದ್ದು, ಮೂರನೆಯದು ಬಾಡಿದ ಗುಲಾಬಿ, ನಾಲ್ಕನೆಯದು ಬದನೆಕಾಯಿ ಸಿಪ್ಪೆ, ಐದನೆಯದು ಮಾತ್ರ ಕೆಂಪು, ಕೆಂಪೆಂದರೆ ಕಣದಲ್ಲಿ ಹರವಿದ ಹಣ್ಣುಮೆಣಸಿನಕಾಯಿ ನಡುಮಧ್ಯಾಹ್ನ ಕಣ್ಣಿಗೆ ಚುಚ್ಚುತ್ತದಲ್ಲ, ಆ ಕೆಂಪು — ಅದನ್ಯಾಕ ಹಚ್ಚಿದಿ ಚಾಚಿ, ನನಗ ಕಾಣಬಾರದ್ದು ಬೇಕು, ಹಚ್ಚೀನಿ ಅಂತ ಯಾರಿಗೂ ಗೊತ್ತಾಗಬಾರದು — ಅರೆ, ಬಣ್ಣ ಹಚ್ಚಿಕೊಂಡು ಹಚ್ಚಿಲ್ಲ ಅಂತ ತೋರಸಾಕ ಬಂದೀಯೇನ, ಹಂಗಿದ್ದರ ನನ್ನ ಅಂಗಡಿಗ್ಯಾಕ ಬಂದಿ ಬೇಟಿ, ಎಂದು ದಾವಲಬೀ ನಗುತ್ತಾಳೆ, ನಕ್ಕಾಗ ಅವಳ ಬಾಯಿ ಪೂರ್ತಿ ಎಲೆಅಡಿಕೆಯ ಕೆಂಪು, ನಂದು ನೋಡು, ಮೂವತ್ತು ವರ್ಷದಿಂದ ಹೋಗದ ಬಣ್ಣ, ಯಾವ ಕಂಪನೀದು ಕೇಳಬ್ಯಾಡ, ಅತ್ತ ಮೂಲೆಯಲ್ಲಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ ಅವಳ ಗಂಡ ಯಾಕೂಬಸಾಬ ಕೆಮ್ಮುತ್ತಾನೆ, ಹೆಂಗಸರು ಬಣ್ಣ ನೋಡುವಾಗ ಆತ ಯಾವತ್ತೂ ಪೇಪರಿನ ಹಿಂದೆಯೇ, ಒಂದೇ ಪುಟವನ್ನು ಅರ್ಧ ತಾಸು ಓದುವ ಪುಣ್ಯಾತ್ಮ. ಮೌನೇಶ್ವರಿ ಕಂಡಕ್ಟರ್ ಖಾಕಿಯ ತೋಳನ್ನು ಮೊಣಕೈವರೆಗೆ ಮಡಿಚಿ ಕೈಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾಳೆ, ರಸ್ತೆಯ ಆಚೆ ಶಹಾಪುರ ಬಸ್‌ನಿಲ್ದಾಣ, ನಿಲ್ದಾಣದಲ್ಲಿ ಅವಳ ಬಸ್ಸು, ಬಸ್ಸಿನ ಪಕ್ಕ ಡ್ರೈವರ್ ಪರಶುರಾಮಣ್ಣ ಚಹಾದ ಗ್ಲಾಸು ಹಿಡಿದು ನಿಂತಿದ್ದಾನೆ, ಆ ಗ್ಲಾಸು ಖಾಲಿಯಾಗಿ ಮೇಲೊಂದು ಬೀಡಿ ಮುಗಿಯುವಷ್ಟು ಹೊತ್ತು ಅವಳದು, ಅಷ್ಟರೊಳಗೆ ಒಂದು ತುಟಿಬಣ್ಣ ಆರಿಸಬೇಕು, ಹಚ್ಚಿಕೊಳ್ಳಬೇಕು, ಆರಬೇಕು, ಯಾಕೆಂದರೆ ಸುರಪುರದಲ್ಲಿ ಡಿಪೋದ ಸಾಹೇಬ ಕಾಯುತ್ತಿದ್ದಾನೆ, ಟಿಕೇಟು ನೋಡಲಿಕ್ಕಲ್ಲ, ಅವಳ ಬಾಯಿ ನೋಡಲಿಕ್ಕೆ, ಬಾಯಿ ಸರಿ ಕಂಡರೆ ಈ ಬಸ್ಸು, ಆರು ವರ್ಷದಿಂದ ಅವಳದಾಗಿರುವ ಯಾದಗಿರಿ–ಶಹಾಪುರ–ಸುರಪುರದ ಈ ದಾರಿ, ಸರಿ ಕಾಣದಿದ್ದರೆ ನಾಳೆಯಿಂದ ಡಿಪೋದ ಹಿಂದಿನ ಸ್ಟೋರು, ಹಳೆ ಟೈರುಗಳ ನಡುವೆ ಒಂದು ಸ್ಟೂಲು, ಯಾರಿಗೂ ಕಾಣದಲ್ಲಿ.

ಮೂರೇ ದಿನದ ಹಿಂದೆ, ಇದೇ ಬಸ್ಸು, ಮುಂದಿನಿಂದ ಮೂರನೇ ಸೀಟು, ಕಿಟಕಿ ಪಕ್ಕ ಐದು ವರ್ಷದ ಕೂಸು, ಎರಡು ಜುಟ್ಟು, ಒಂದರ ರಿಬ್ಬನ್ನು ಬಿಚ್ಚಿ ಜೋತಾಡುತ್ತಿತ್ತು, ಯಾದಗಿರಿಯಲ್ಲಿ ಹತ್ತಿದಾಗಿನಿಂದ ಅದರ ಕಣ್ಣು ಮೌನೇಶ್ವರಿಯ ಕೊರಳ ಸೀಟಿಯ ಮೇಲೆ, ಭೀಮಾ ನದಿಯ ಸೇತುವೆ ದಾಟುವಾಗ ಧೈರ್ಯ ಬಂತು ಅದಕ್ಕೆ, ಯಕ್ಕಾ, ಪೀಪಿ ನಾ ಒಮ್ಮಿ ಊದ್ಲೇನ — ಊದವಾ, ಆದ್ರ ಒಂದ ಊದಿದ್ರ ಮಾಮಾ ಬಸ್ ನಿಲ್ಲಸತಾನ, ಎರಡು ಊದಿದ್ರ ಬಿಡತಾನ, ನೀ ಎರಡು ಊದು ಹಾಂ, ಸೀಟಿಯನ್ನು ಕೋಟಿನ ಅಂಚಿಗೆ ಎರಡು ಸಲ ಒರೆಸಿ ಕೊಟ್ಟಳು, ಕೂಸು ಬಾಯಿಗಿಟ್ಟುಕೊಂಡಿತು, ಉಸಿರು ಎಳೆದು ತುಂಬಿಕೊಂಡಿತು, ಎರಡೂ ಕೆನ್ನೆ ಕಡಾಯಿಯಲ್ಲಿ ಪೂರಿ ಉಬ್ಬಿದಂತೆ ಉಬ್ಬಿದವು, ಕಣ್ಣು ಅಗಲವಾದವು, ಇನ್ನೇನು ಊದಬೇಕು, ಊದಲೇ ಇಲ್ಲ — ಅವ್ವನ ಕೈ ಬಂತು, ಪಟಾರನೆ, ಸೀಟಿ ಹಾರಿ ಸೀಟುಗಳ ಕೆಳಗೆ ಉರುಳಿತು, ಅಷ್ಟು ಹೊತ್ತೂ ಪಕ್ಕದವರ ಜೊತೆ ಮಾತಿಗೆ ಬಿದ್ದಿದ್ದ ಆ ಹೆಂಗಸು ಈಗ ಮೌನೇಶ್ವರಿಯ ತುಟಿ ನೋಡಿದ್ದಳು, ಮೇಲ್ದುಟಿಯ ಎಡಗಡೆ, ಕೆಳದುಟಿಯ ನಡುವೆ, ಬಾಯಿಯ ಎರಡೂ ಮೂಲೆಗೆ ಬಿಳಿ, ಸುಣ್ಣ ಮೆತ್ತಿದಂಥ ಬಿಳಿ, ಬಾಟಲಿ ನೀರನ್ನು ಕೂಸಿನ ಬಾಯಿಗೆ ಸುರಿದು ಸೆರಗಿನಿಂದ ಗಸಗಸ ತಿಕ್ಕಿದಳು, ಕೂಸಿನ ತುಟಿ ಕೆಂಪಾಗುವವರೆಗೆ ತಿಕ್ಕಿದಳು, ನೋಡ್ರಿ, ತನ್ನ ರೋಗ ನನ್ನ ಕೂಸಿಗೆ ಹಚ್ಚಾಕತ್ಯಾಳ, ಇಂಥಾಕಿನ ಕೆಲಸಕ್ಕ ಯಾರ ಇಟಗೊಂಡಾರ, ಎಪ್ಪತ್ತು ಮಂದಿ ಇದ್ದ ಬಸ್ಸು, ಕಂಬಿ ಹಿಡಿದು ಜೋತಾಡುತ್ತ ಒಬ್ಬರ ಬೆವರು ಒಬ್ಬರು ಉಸಿರಾಡುತ್ತಿದ್ದ ಬಸ್ಸು, ಅದರಲ್ಲಿ ಇದ್ದಕ್ಕಿದ್ದಂತೆ ಅವಳ ಸುತ್ತ ಒಂದು ಮಾರು ಜಾಗ ಹೇಗೆ ಹುಟ್ಟಿತೋ. ಸೀಟಿಯನ್ನು ಯಾರೂ ಎತ್ತಿಕೊಡಲಿಲ್ಲ. ಅವಳೇ ಮೊಣಕಾಲೂರಿ, ಚಪ್ಪಲಿಗಳ ನಡುವೆ ಕೈಹಾಕಿ ತೆಗೆದಳು. ಆ ಹೆಂಗಸು ಅವತ್ತೇ ಅರ್ಜಿ ಬರೆದಳು, ಸಾಹೇಬ ಕರೆಸಿದ, ಕೂತ್ಕೊ ಎನ್ನಲಿಲ್ಲ, ನನಗ ಗೊತ್ತದವಾ ಇದು ಅಂಟೂ ರೋಗ ಅಲ್ಲ, ನಿನ್ನ ಡಾಕ್ಟರ್ ಚೀಟಿ ಫೈಲಿನ್ಯಾಗ ಅದ, ನಾ ಓದಿದಾಂವ, ಆದ್ರ ಮಂದಿಗೆ ಗೊತ್ತಿಲ್ಲಲ್ಲ, ಹೆಣಮಗಳು ಅದೀ, ಈಗೇನೇನೋ ಬಂದಾವಲ್ಲ ಅಂಗಡ್ಯಾಗ, ಒಂದೀಟು ಹಚ್ಚಿಕೊಂಡು ಬಾ, ಮೈಬಣ್ಣದ್ದು, ಕೆಂಪು ಗಿಂಪು ಬ್ಯಾಡ, ಮತ್ತ ಅದಕ್ಕೊಂದು ಅರ್ಜಿ ಬರ್ತದ, ಅಲ್ಲೀತನಕ ಸೀಟಿ ಬಾಯಾಗ ಇಡಬ್ಯಾಡ — ಮೂರು ದಿನದಿಂದ ಅವಳು ಬಸ್ಸಿನ ತಗಡು ಬಡಿಯುತ್ತಿದ್ದಾಳೆ, ಅಂಗೈಯಿಂದ, ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹೊರಡು, ಬಲಗೈ ಬಾತು ಹೋಗಿದೆ, ರೊಟ್ಟಿ ಬಡಿಯಲಿಕ್ಕೆ ಬರುವುದಿಲ್ಲ, ಗೊತ್ತಂತೆ, ಅವನಿಗೆ ಗೊತ್ತಂತೆ, ಗೊತ್ತಿಲ್ಲದ ಎಪ್ಪತ್ತು ಮಂದಿಗೆ ಎದ್ದು ನಿಂತು ಒಂದು ಮಾತು ಹೇಳುವುದಕ್ಕಿಂತ ಒಬ್ಬಳ ಬಾಯಿಗೆ ಬಣ್ಣ ಬಳಿಸುವುದು ಸಲೀಸು.

ಆರಿತು ನೋಡು ಈಗ, ಎನ್ನುತ್ತಾಳೆ ದಾವಲಬೀ, ತನ್ನ ಹೆಬ್ಬೆರಳಿನಿಂದ ಐದೂ ಗೆರೆಗಳನ್ನು ಒತ್ತಿ ಉಜ್ಜುತ್ತಾಳೆ, ನಾಲ್ಕನೆಯದು ತುಸು ಅಲುಗಿತು, ಇದು ನಕಲಿ, ಬಿಡು, ಉಳಿದ ನಾಲ್ಕು ಪಕ್ಕಾ, ಹದಿನಾರು ತಾಸು ಅಲುಗೂದಿಲ್ಲ, ನೀರಿಗೆ ಹೋಗೂದಿಲ್ಲ, ಬೆವರಿಗೆ ಹೋಗೂದಿಲ್ಲ, ಚಹಾದ ಗ್ಲಾಸಿಗೆ ಹತ್ತೂದಿಲ್ಲ, ಸೀಟಿಗೂ ಹತ್ತೂದಿಲ್ಲ, ಒಂದಕ್ಕ ಮಾತ್ರ ಅಂಜತದ ಇದು, ಎಣ್ಣಿಗೆ, ಎಣ್ಣಿ ತಾಕಿತು ಅಂದ್ರ ಕೆನಿಯಂಗ ಬಿಡತದ, ಅದಕ್ಕ ಮಿರ್ಚಿ ಭಜಿ ಮುಟ್ಟಬ್ಯಾಡ, ಒಗ್ಗರಣಿ ಅವಲಕ್ಕಿ ಮುಟ್ಟಬ್ಯಾಡ, ಬಿಸ್ಕೀಟು ತಿನ್ನು, ತುದಿ ಹಲ್ಲಿಲೆ — ಎಣ್ಣೆ, ಎಣ್ಣೆಯೆಂದರೆ ಬಾವಂಚಿ ಎಣ್ಣೆ, ಹದಿನೇಳರಲ್ಲಿ ಮೊದಲ ಬಿಳಿ ಚುಕ್ಕೆ ಮೂಡಿದಾಗ ಅವ್ವ ಮೌನಮ್ಮ ತಂದದ್ದು, ಹಚ್ಚಿ ಬಿಸಿಲಿಗೆ ಮುಖವೊಡ್ಡಿ ಕೂಡ್ರಬೇಕು, ಎಷ್ಟು ಹೊತ್ತು ಅಂತ ಕೊಟ್ಟವ ಹೇಳಿರಲಿಲ್ಲ, ಹೊಳೆದಂಡೆಯ ಬಂಡೆಯ ಮೇಲೆ ಕೂತಳು, ಸಂಜೆಗೆ ತುಟಿ ಬೊಬ್ಬೆ ಎದ್ದು ಅಂಬಲಿ ಸಹ ಇಳಿಯಲಿಲ್ಲ, ಅವ್ವ ಪಕ್ಕದಲ್ಲಿ ಕೂತು ಅತ್ತಳು, ಬೊಬ್ಬೆಗಲ್ಲ, ಹಾಲಿಗೆ, ಆ ಒಂದು ಲೋಟ ಹಾಲಿಗೆ — ವಡಗೇರಾ ಕಡೆಯ ಹೊಳೆದಂಡೆ ಊರು ಅವರದು, ಅಪ್ಪ ಮಾನಪ್ಪ ಬಲೆ ಹಾಕುವವ, ಮನೆಯಲ್ಲಿ ಮೀನಿನ ಸಾರು ಉಂಡ ದಿನ ಹಾಲು ಮುಟ್ಟುವಂತಿಲ್ಲ, ಮುಟ್ಟಿದರೆ ತೊನ್ನು ಬರುತ್ತದೆ ಎಂದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಕಟ್ಟಳೆ, ಮಗಳಿಗೆ ಜ್ವರವೆಂದು ಒಂದು ರಾತ್ರಿ ಅವ್ವ ಮರೆತು ಹಾಲು ಕುಡಿಸಿದ್ದಳಂತೆ, ನಾನಽ ಕೊಟ್ಟೆನವಾ, ನನ್ನ ಕೈಯಾರೆ ಕೊಟ್ಟೆ, ಹದಿನೇಳು ವರ್ಷವಾಯಿತು ಆ ಮಾತಿಗೆ, ಡಾಕ್ಟರು ಕೂಡ್ರಿಸಿ ಹೇಳಿದರು, ಅಮ್ಮಾ, ಮೀನಿಗೂ ಹಾಲಿಗೂ ಇದಕ್ಕೂ ಸಂಬಂಧ ಇಲ್ರಿ, ಮೈಯೊಳಗಿನ ಬಣ್ಣದ ಕಣ ತಾನಽ ಸಾಯ್ತಾವ, ಅಷ್ಟಽ, ಹೂಂ ಎಂದು ಗೋಣು ಹಾಕಿ ಹೊರಗೆ ಬಂದು ಅವ್ವ ಅಂದದ್ದು, ಆದರೂ ನಾ ಹಾಲು ಕೊಡಬಾರದಿತ್ತು. ಅಬ್ಬೆತುಮಕೂರಿನ ಮಠಕ್ಕೆ ಐದು ಅಮಾವಾಸ್ಯೆ ನಡೆಸಿಕೊಂಡು ಹೋದಳು, ಗದ್ದುಗೆಯ ಮುಂದೆ ಮಗಳ ತಲೆ ಬಗ್ಗಿಸಿ ಬೇಡಿಕೊಂಡಳು, ಬೇಡಿಕೊಂಡದ್ದು ಬಿಳಿ ಹೋಗಲಿ ಎಂದೋ ಹಾಲು ಮರೆಯಲಿ ಎಂದೋ, ಬಿಳಿಯಂತೂ ಮೂಲೆಯಿಂದ ನಡುವಿಗೆ ಬಂತು, ಬಂದು ಅಲ್ಲೇ ನಿಂತಿತು, ಅವಳೂ ಅದರ ಜೊತೆ ನಿಂತಳು, ಪರೀಕ್ಷೆ ಬರೆದಳು, ಖಾಕಿ ಹಾಕಿದಳು, ಸೀಟಿ ಕೊರಳಿಗೆ ಬಂತು, ಊರ ಮಂದಿ ಎಲ್ಲ ಕೇಳುವಂತೆ ಬಾಯಿಯಿಂದ ಶಬ್ದ ಹೊರಡಿಸುವ ಕೆಲಸವೇ ಸಿಕ್ಕಿತಲ್ಲ ಎಂದು ಮೊದಲ ದಿನ ನಕ್ಕಿದ್ದಳು, ಯಾರು ಈ ಬಾಯಿಯನ್ನು ನೋಡಬಾರದು ಅಂತಿದ್ದರೋ ಅವರೆಲ್ಲ ಈ ಬಾಯಿ ಊದಿದಾಗ ಬಸ್ಸು ಹತ್ತಬೇಕು, ಇಳಿಯಬೇಕು.

ಬಾಯಿ ಸಡಲ ಬಿಡು, ಹಲ್ಲು ಕಚ್ಚಬ್ಯಾಡ, ನಾ ಏನ್ ಹಲ್ಲು ಕೀಳಾಕತ್ತೇನಿ, ದಾವಲಬೀ ಅರಿವೆಯ ತುಂಡಿನಿಂದ ಅವಳ ತುಟಿ ಒರೆಸುತ್ತಾಳೆ, ಒಣಗಿರಬೇಕು, ಒದ್ದೆಯ ಮೇಲೆ ಹಿಡಿಯೂದಿಲ್ಲ, ಗಲ್ಲ ಹಿಡಿದು ಮುಖ ಎತ್ತುತ್ತಾಳೆ, ಈ ಬೆರಳು ಎಷ್ಟು ಸಾವಿರ ಮುಂಗೈಗಳಿಗೆ ಬಳೆ ಏರಿಸಿವೆಯೋ, ನೋವಾಗದಂತೆ ಹಿಂಡುವ ಬೆರಳು, ಅವು ಬಿಳಿಯ ಮೇಲೆ ಹಾಯುವಾಗ ನಿಲ್ಲಲಿಲ್ಲ, ಸರಿಯಲಿಲ್ಲ, ಕರಿಯ ಮೇಲೆ ಹಾದಂತೆಯೇ ಹಾದವು, ಮೌನೇಶ್ವರಿಯ ಕಣ್ಣು ಸುಮ್ಮನೆ ಉರಿಯಿತು. ಮಣ್ಣಿನ ಬಣ್ಣದ ಕುಂಚ ನಡುವಿನಿಂದ ಮೂಲೆಗೆ, ತೆಳ್ಳಗೆ, ಈಗ ತುಟಿ ಕೂಡಸಬ್ಯಾಡ, ಉಸಿರು ಮೂಗಿಲೆ ಬಿಡು, ಮಾತಾಡಬ್ಯಾಡ — ತುಟಿ ತೆರೆದುಕೊಂಡೇ ಮೂಕಳಾಗಿ ಕೂರಬೇಕು, ಮೊದಲ ಸಲದ್ದು ಆರಿತು, ಕನ್ನಡಿ ನೋಡಿದರೆ ಎರಡು ಬಣ್ಣ, ಕರಿ ತುಟಿಯ ಮೇಲೆ ಬಳಿದದ್ದು ಸಗಣಿ ಕಂದು, ಬಿಳಿಯ ಮೇಲೆ ಬಳಿದದ್ದು ಬೇರೆಯೇ, ತಿಳಿ ಇಟ್ಟಿಗೆ, ಒಂದೇ ಸೀಸೆ, ಒಂದೇ ಕುಂಚ, ಎರಡು ಬಣ್ಣ, ಹಿಂಗ್ಯಾಕ ಚಾಚಿ — ಹಿಂಗಽ ಇರತದ ಬೇಟಿ, ಕರೀದು ತನ್ನ ಬಣ್ಣಾನೂ ಅದರಾಗ ಬೆರಸತದ, ಬಿಳೀದು ಏನೂ ಬೆರಸೂದಿಲ್ಲ, ಬಣ್ಣ ಖರೇ ಹೆಂಗದ ಅಂತ ನೋಡಬೇಕಂದ್ರ ಬಿಳಿ ಮ್ಯಾಲೇ ನೋಡಬೇಕು, ನಾವು ಅಂಗಡಿಯವರು ಅದಕ್ಕಽ ಹಾಳಿ ಮ್ಯಾಲ ಗೆರಿ ಎಳದು ತೋರಸತೇವಿ, ಎಂದು ಸಹಜವಾಗಿ ಹೇಳಿ ಎರಡನೆಯ ಸಲ ಬಳಿದಳು, ಮೂರನೆಯ ಸಲ ಬಿಳಿಯ ಮೇಲಷ್ಟೇ ದಪ್ಪಗೆ, ಆಗ ಎಲ್ಲವೂ ಒಂದಾಯಿತು, ಕನ್ನಡಿಯಲ್ಲಿ ಒಬ್ಬಳು ಹೆಂಗಸು, ಖಾಕಿ ಕೋಟು, ಮೂಗುಬೊಟ್ಟು, ಮಣ್ಣಿನ ಬಾಯಿ, ಗೋಡೆಯ ಬಿರುಕು ಮೆತ್ತಿ ಒಣಗಿಸಿದಂಥ ಬಾಯಿ, ಯಾರೀಕೆ, ಬಸ್ಸು ಹತ್ತಿದರೆ ಗುರುತು ಹಿಡಿಯುವುದಿಲ್ಲ ತಾನು, ಹೊರಗೆ ಹಾರ್ನು, ಪೋಂ ಪೋಂ, ಪರಶುರಾಮಣ್ಣ ಬೀಡಿ ಮುಗಿಸಿದ್ದಾನೆ, ಅವಳು ಮಣ್ಣುಬಣ್ಣದ ಸೀಸೆಯನ್ನು ಎತ್ತಿಕೊಂಡಳು, ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಕೆಂಪೂ ಕೊಡು ಚಾಚಿ — ಅದು ಯಾರಿಗೆ — ನನಗ. ಪೇಪರಿನ ಹಿಂದಿನಿಂದ ಯಾಕೂಬಸಾಬನ ದನಿ, ಕೊಡು ಕೊಡು, ಆಗಿನಿಂದ ಅದನ್ನಽ ನೋಡಾಕತ್ಯಾಳ ಹುಡುಗಿ, ಓಹೋ, ಪೇಪರಿಗೂ ತೂತು ಅದ ಅನ್ರಿ ಹಂಗಾದ್ರ, ಎಂದಳು ದಾವಲಬೀ.

ಹದಿನಾರು ತಾಸಿನ ಬಾಯಿ ಹೊತ್ತು ಬಸ್ಸು ಹತ್ತಿದಳು, ಪರಶುರಾಮಣ್ಣ ಕನ್ನಡಿಯಲ್ಲಿ ನೋಡಿ, ಯಾರವಾ ನೀ, ನಮ್ಮ ಕಂಡಕ್ಟರ್ ಶಹಾಪುರದಾಗಽ ಇಳದ್ಲೇನ ಎಂದ, ನಗಬೇಕೆನ್ನಿಸಿತು, ನಕ್ಕರೆ ಬಿರುಕು ಬಿಡುತ್ತದೆಯೇನೋ ಎಂದು ತುಟಿ ಬಿಗಿಹಿಡಿದಳು, ಮೂರು ದಿನದ ಮೇಲೆ ಸೀಟಿ ಬಾಯಿಗಿಟ್ಟಳು, ಎರಡು ಊದಿದಳು, ಶಬ್ದ ಬಂತು, ಸೀಟಿ ತೆಗೆದು ನೋಡಿದರೆ ಒಂದು ಕಲೆಯೂ ಇಲ್ಲ, ಬಾಯಿಗೂ ಸೀಟಿಗೂ ನಡುವೆ ಒಂದು ಗೋಡೆ, ಸೀಟಿಯ ತಗಡಿನ ತಂಪು ತುಟಿಗೆ ತಾಗಲೇ ಇಲ್ಲ, ಊದಿದ್ದು ತಾನೋ ಗೋಡೆಯೋ — ಟಿಕೇಟ್ ಟಿಕೇಟ್, ಆಧಾರ್ ತೋರಸ್ರಿ ಅಕ್ಕಾರ, ಹತ್ತಿಗೂಡೂರು ಎಷ್ಟು ಮಂದಿ, ಕಿಟಕಿಯಾಚೆ ಮಲಗಿದ ಬುದ್ಧನ ಗುಡ್ಡ ಹಿಂದೆ ಸರಿಯುತ್ತಿದೆ, ಹಣೆ, ಮೂಗು, ತುಟಿ, ಗದ್ದ, ಆ ತುಟಿಯ ಕಲ್ಲಿನ ಮೇಲೆಯೂ ಎಷ್ಟು ಹಕ್ಕಿಗಳ ಹಿಕ್ಕೆ ಬೆಳ್ಳಗೆ ಬಿದ್ದಿರಬಹುದು, ಅದಕ್ಕೆ ಯಾರೂ ಅರ್ಜಿ ಬರೆದಿಲ್ಲ — ದಿನಾ ಚಿಲ್ಲರೆಯನ್ನು ಸೀಟಿನ ಮೇಲಿಡು ಎಂದು ಕಣ್ಣಲ್ಲೇ ತೋರಿಸುವ ಹಸಿರು ಸೀರೆಯ ಟೀಚರಮ್ಮನ ಗಂಡ ಇವತ್ತು ಕೈಯೊಡ್ಡಿ ಇಸಿದುಕೊಂಡ, ಟೀಚರಮ್ಮ ಸರಿದು ಜಾಗ ಕೊಟ್ಟಳು, ಬಾ ಮೌನೇಶ್ವರಿ, ಒಂದೀಟು ಕೂಡು, ಎಷ್ಟೊತ್ತು ನಿಂದರತಿ, ಈಗ ಎಷ್ಟು ಲಕ್ಷಣ ಕಾಣ್ತಿ ನೋಡು, ಮೊದಲಽ ಹಿಂಗ ಮಾಡಬಾರದಿತ್ತೇನವಾ. ಆರು ವರ್ಷ. ಆರು ವರ್ಷ ಇದೇ ಟೀಚರಮ್ಮ ಅವಳ ಹೆಸರು ಹಿಡಿದು ಕರೆದಿರಲಿಲ್ಲ. ಅಂಥವಳು ಇವತ್ತು ತೋಳು ಮುಟ್ಟಿ ಎಳೆಯುತ್ತಿದ್ದಾಳೆ, ಒಳಗೆ ಅದೇ ಬಿಳಿ, ಅದೇ ಮೌನೇಶ್ವರಿ, ಮೇಲೆ ಮೂರು ಸಲ ಬಳಿದ ಮಣ್ಣು, ಇವರ ಪ್ರೀತಿಯೆಲ್ಲ ಆ ಮಣ್ಣಿಗೆ, ನಿಂದಿರತೇನ್ರಿ, ರೂಢಿ ಅದ, ಎಂದಳು, ಬಾಯಾರಿಕೆ, ಬೆಳಗಿನಿಂದ ಏನೂ ತಿಂದಿಲ್ಲ, ಹೊಟ್ಟೆಯಲ್ಲಿ ಬಸ್ಸಿಗಿಂತ ಜೋರು ಸಪ್ಪಳ, ತುಟಿಯ ಚರ್ಮ ಬಿಗಿದು ಎಳೆಯುತ್ತಿದೆ, ಕೂಸಿನ ಎರಡು ಕೆನ್ನೆ ಉಬ್ಬಿಯೇ ಇವೆ, ಕಣ್ಣು ಮುಚ್ಚಿದರೂ ಉಬ್ಬಿವೆ, ತೆರೆದರೂ ಉಬ್ಬಿವೆ, ಆ ಉಸಿರು ಎಲ್ಲಿ ಹೋಯಿತು, ಊದದೆ ಉಳಿದದ್ದು.

ಸುರಪುರ, ಸುರಪುರ ಇಳೀರಿ. ಸಾಹೇಬ ಕಂಟ್ರೋಲ್ ರೂಮಿನ ಮುಂದೆಯೇ ಕುರ್ಚಿ ಹಾಕಿಸಿಕೊಂಡಿದ್ದ, ಪಕ್ಕದಲ್ಲೇ ಭಜಿಯ ಗಾಡಿ, ಕುದಿವ ಎಣ್ಣೆಯಲ್ಲಿ ಮೆಣಸಿನಕಾಯಿ ಇಳಿಸುತ್ತಿದ್ದ ಗಾಡಿಯ ಮಲ್ಲು, ಸಂತೆಗೆ ಬಂದ ಎಮ್ಮೆಯ ಬಾಯಿ ನೋಡುವಂತೆ ಸಾಹೇಬ ತಲೆ ಅತ್ತ ಇತ್ತ ಹೊರಳಿಸಿ ನೋಡಿದ, ಹಾಂ, ಈಗ ನೋಡವಾ, ಮುಗೀತು, ಎಷ್ಟು ಸಣ್ಣ ಮಾತು, ಸುಮ್ಮ ದೊಡ್ಡದಾಗಿತ್ತು, ಇನ್ನ ದಿನಾ ಹಿಂಗಽ ಬಾ, ಡ್ಯೂಟಿ ನಿಂದಽ, ಸೀಟಿ ನಿಂದಽ. ದಿನಾ. ನಿವೃತ್ತಿಗೆ ಇನ್ನೂ ಇಪ್ಪತ್ತಾರು ವರ್ಷ. ದಿನಾ ಅರಿವೆಯಿಂದ ಒರೆಸಿ, ದಿನಾ ಮೂರು ಸಲ ಬಳಿದು, ದಿನಾ ಮೂಗಿನಲ್ಲಿ ಉಸಿರಾಡಿ, ದಿನಾ ನಗದೆ, ದಿನಾ ತುದಿ ಹಲ್ಲಲ್ಲಿ ಬಿಸ್ಕೀಟು ತಿಂದು — ಇವನ ದಿನಾ ಒಂದು ಮಾತು, ಅವಳ ದಿನಾ ಹದಿನಾರು ತಾಸು — ಗಾಡಿಯಿಂದ ಘಾಟು ಬಂತು, ಮಲ್ಲು, ಒಂದು ಪ್ಲೇಟ್ ಭಜಿ ಕೊಡು, ಬಿಸೀದು, ಎಣ್ಣಿ ಝಾಡಸಬ್ಯಾಡ, ಹಂಗಽ ಕೊಡು. ಸಾಹೇಬನ ಎದುರೇ ನಿಂತಳು, ಒಂದು ಭಜಿಯನ್ನು ಇಡಿಯಾಗಿ ಬಾಯಿಗಿಟ್ಟು ಕಚ್ಚಿದಳು, ತುದಿ ಹಲ್ಲಲ್ಲಲ್ಲ, ದವಡೆಯಲ್ಲಿ, ಎಣ್ಣೆ ಇಳಿಯಿತು, ಖಾರ ನೆತ್ತಿಗೇರಿತು, ಎರಡನೆಯದು, ಮೂರನೆಯದನ್ನು ತಿನ್ನುವ ಮುಂಚೆ ಸಾವಕಾಶ ತುಟಿಯ ಮೇಲೆ ಆಡಿಸಿದಳು, ಎಡದಿಂದ ಬಲಕ್ಕೆ, ದಾವಲಬೀಯ ಕುಂಚ ಹೋದ ದಾರಿಯಲ್ಲೇ, ಬಣ್ಣ ಕೆನೆಯಂತೆ ಎದ್ದಿತು, ಗದ್ದಕ್ಕೆ ಇಳಿಯಿತು, ಭಜಿ ಇಟ್ಟಿದ್ದ ಹಾಳೆಯಿಂದ ಒರೆಸಿದಳು, ಒಮ್ಮೆ, ಎರಡು ಸಲ, ಒರೆಸಿ ಬಾಯಿ ಎತ್ತಿ ತೋರಿಸಿದಳು. ಏನ್ ಮಾಡಾಕತ್ತಿ ನೀ, ತಲಿ ಗಿಲಿ ಕೆಟ್ಟದೇನ, ಹೋಗು, ಮತ್ತ ಹಚ್ಚಿಕೊಂಡು ಬಾ — ಹಚ್ಚೂದಿಲ್ರಿ — ಹಂಗಾದ್ರ ನಾಳಿಂದ ಸ್ಟೋರಿಗೆ ಹೋಗು — ಹೋಗತೇನ್ರಿ, ಬರದು ಕೊಡ್ರಿ. ಏನ್ ಬರದು ಕೊಡೂದು — ಆರ್ಡರ್ ಬರದು ಕೊಡ್ರಿ ಸಾಹೇಬ್ರ, ಯಾಕ ತಗದ್ರಿ ಅಂತ ಕಾರಣ ಬರೀರಿ, ಸಹಿ ಹಾಕ್ರಿ, ಡಾಕ್ಟರ್ ಚೀಟಿ ಫೈಲಿನ್ಯಾಗ ಅದ ಅಂತ ನೀವಽ ಅಂದೀರಿ, ಅದರ ಮ್ಯಾಲೇ ಪಿನ್ ಹಾಕ್ರಿ. ಬಸ್ಸಿನ ಮಂದಿ ಇಳಿದವರು ಹೋಗದೆ ನಿಂತರು, ಹತ್ತುವವರು ಹತ್ತದೆ ನಿಂತರು, ಸಾಹೇಬ ಬೆವತ, ಸಿಟ್ಟಿಗೆ ಹಾಳೆ ಎಳೆದುಕೊಂಡ, ಸದರಿ ನಿರ್ವಾಹಕಿಯವರ ತುಟಿಗಳು — ಎಂದು ಬರೆದ, ಪೆನ್ನು ನಿಂತಿತು, ತುಟಿಗಳು, ತುಟಿಗಳು ಏನು, ತುಟಿಗಳು ಬಿಳಿಯಾಗಿರುವ ಕಾರಣ ಎಂದು ಬರೆಯಲಿಕ್ಕೆ ಆ ಓದಿದ ಕೈಗೆ ಆಗುತ್ತಿಲ್ಲ, ಅರ್ಜಿ ಬರೆದ ಹೆಂಗಸಿನ ಕೈಗೆ ಆದದ್ದು ಇವನ ಕೈಗೆ ಆಗುತ್ತಿಲ್ಲ, ಯಾಕೆಂದರೆ ಅವಳಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತು, ಬರೀರಿ ಬರೀರಿ, ನಾ ನಿಂತಿರತೇನಿ, ಪರಶುರಾಮಣ್ಣ ಸ್ಟೇರಿಂಗ್ ಮೇಲೆ ಮೊಣಕೈಯೂರಿ ನೋಡುತ್ತಿದ್ದವನು ಹಾರ್ನು ಒತ್ತಿ ಹಿಡಿದ, ಸಾಹೇಬ್ರ, ಟೈಮ್ ಆತ್ರಿ, ಕಂಡಕ್ಟರ್ ಬೇಕ್ರಿ ಗಾಡಿಗೆ. ಹೋಗು, ಹೋಗು ಈಗ, ನಾಳಿ ನೋಡ್ತೀನಿ ನಿನ್ನ — ನೋಡ್ರಿ, ನಾಳೀನೂ ಇದಽ ಬಾಯಿ ಇರತದ. ಮಣ್ಣುಬಣ್ಣದ ಸೀಸೆಯನ್ನು ಅವನ ಅರ್ಧ ಬರೆದ ಹಾಳೆಯ ಮೇಲೆ ಇಟ್ಟಳು, ಗಾಳಿಗೆ ಹಾರದಿರಲಿ ಎಂಬಂತೆ.

ಕೆಂಪಿನ ಸೀಸೆ ಕೋಟಿನ ಒಳಜೇಬಿನಲ್ಲಿ ಎದೆಗೆ ಒತ್ತುತ್ತಿದೆ, ಅದು ಇವತ್ತಿನದಲ್ಲ, ಯಾರೂ ಹಚ್ಚಿಕೋ ಅನ್ನದ ದಿನ, ರಜೆಯ ದಿನ, ತನಗೆ ಬೇಕೆನ್ನಿಸಿದ ದಿನ, ಅವ್ವನನ್ನು ಎದುರು ಕೂಡ್ರಿಸಿಕೊಂಡು ಹಚ್ಚಿಕೊಳ್ಳಬೇಕು, ತೆಳ್ಳಗೆ ಒಂದೇ ಸಲ, ಮುಚ್ಚಲಿಕ್ಕಲ್ಲ, ಕರಿ ತುಟಿಯಲ್ಲಿ ಅದು ದಾಳಿಂಬೆ ಸಿಪ್ಪೆಯಾಗಲಿ, ಬಿಳಿಯ ಮೇಲೆ ಖರೇ ಕೆಂಪಾಗಿ ಉರಿಯಲಿ, ನೋಡವಾ, ಬಣ್ಣ ಖರೇ ಹೆಂಗದ ಅಂತ ಇಲ್ಲಿ ನೋಡು, ಇನ್ನ ಆ ಹಾಲಿನ ಮಾತು ಬಿಡು — ಮೆಟ್ಟಿಲು ಹತ್ತಿದಳು, ಬಸ್ಸು ತುಂಬಿದೆ, ತುಂಬಿದ ಬಸ್ಸಿನ ಕಣ್ಣೆಲ್ಲ ಬಾಗಿಲಿಗೆ, ಒಬ್ಬಳು ತನ್ನ ಕೂಸನ್ನು ಮಡಿಲಿಗೆ ಎಳೆದುಕೊಂಡಳು, ಇನ್ನೊಬ್ಬಳು ಎಳೆದುಕೊಳ್ಳಲಿಲ್ಲ, ಖಾರಕ್ಕೆ ತುಟಿ ಧಗಧಗ ಎನ್ನುತ್ತಿದೆ, ಗಾಳಿ ನೇರ ಬಿಳಿಗೆ ತಾಗುತ್ತಿದೆ, ಮುಂಗೈ ಮೇಲೆ ನಾಲ್ಕು ಗೆರೆ ಹಾಗೇ ಇವೆ, ಕೊನೆಯ ಕೆಂಪು ಕಂಬಿ ಹಿಡಿದ ಕೈಯಲ್ಲಿ ಬಿಸಿಲಿಗೆ ಚುಚ್ಚುತ್ತಿದೆ, ಕೊರಳ ದಾರ ಎಳೆದು ಸೀಟಿ ಬಾಯಿಗಿಟ್ಟಳು, ತಗಡು ತಣ್ಣಗೆ ತುಟಿಗೆ ಹತ್ತಿತು, ತನ್ನದೇ ತುಟಿಗೆ, ಎಣ್ಣೆ ಮೆತ್ತಿದ ಬತ್ತಲೆ ತುಟಿಗೆ, ಉಸಿರೆಳೆದಳು, ಎದೆ ತುಂಬ, ಇನ್ನೂ ಎಳೆದಳು, ಮೂರು ದಿನದ ಹಿಂದೆ ಆ ಕೂಸಿನ ಬಾಯಲ್ಲಿ ಊದದೆ ಉಳಿದದ್ದೂ ಸೇರಿ, ಮೂರನೇ ಸೀಟು, ಎರಡು ಜುಟ್ಟು, ಬಿಚ್ಚಿದ ರಿಬ್ಬನ್ನು, ಅಗಲವಾದ ಕಣ್ಣು, ಕೆನ್ನೆ, ಕೂಸಿನ ಉಬ್ಬಿದ ಎರಡು ಕೆನ್ನೆ, ತನ್ನ ಉಬ್ಬಿದ ಎರಡು ಕೆನ್ನೆ —